ಉಷ್ಣಪ್ರಿಯ ಸೂಕ್ಷ್ಮಜೀವಿಗಳ ವೈರಸ್‌ಗಳು

ಕುದಿನೀರಿಗೆ ಸಮೀಪದ ಬಿಸಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳಿಗೂ ವೈರಸ್‌ಗಳ ಕಾಟ ತಪ್ಪಿದ್ದಲ್ಲ. 45 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಚೆನ್ನಾಗಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳನ್ನು ಉಷ್ಣಪ್ರಿಯಗಳೆಂದೂ, 80 ಡಿಗ್ರಿ ದಾಟಿದರೇ ಹುಲುಸಾಗಿ ಬೆಳೆಯುವವನ್ನು ಅತಿ ಉಷ್ಣಪ್ರಿಯಗಳೆಂದೂ ಕರೆಯುವುದು ರೂಢಿ. ಹಿಂದೂ ಮಹಾಸಾಗರದ ತಳದಲ್ಲಿ ಬಿಸಿನೀರು ಉಕ್ಕುವ ಬಿರುಕೊಂದರಿಂದ ತೆಗೆದ ಮೆಥನೊಪೈರಸ್ ಕಾಂಡ್ಲೆರಿ ಎಂಬ ಆರ್ಕಿಯಾ ಹೆಚ್ಚಿನ ಒತ್ತಡದಲ್ಲಿ 122 ಡಿಗ್ರಿಯಲ್ಲೂ ಬೆಳೆಯುತ್ತದೆಂದು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಇಂಥ ಜೀವಿಗಳನ್ನು ಹಿಡಿದು ಬದುಕುವ ವೈರಸ್‌ಗಳ ಅಧ್ಯಯನ ಜ್ವಾಲಾಮುಖಿ ನಾಡುಗಳ ಕುತೂಹಲದ ವಿಷಯವೆಂಬಂತೆ ಹೆಚ್ಚಾಗಿ ಬರೆಯಲ್ಪಟ್ಟಿದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಮೈಂದರ್ಗಿಯಂಥ ಕಡೆ ಜ್ವಾಲಾಮುಖಿಯೂ ಇಲ್ಲ, ಬಿಸಿನೀರಿನ ಬುಗ್ಗೆಯೂ ಇಲ್ಲ. ಇರುವುದು ದಖ್ಖನ್ನಿನ ಕಪ್ಪುಶಿಲೆ, ಎರೆಮಣ್ಣು, ಕಬ್ಬು, ತಿಪ್ಪೆ. ಆದರೂ ಈ ವೈರಸ್‌ಗಳ ವಿಚಾರ ಇಂಥ ನೆಲಕ್ಕೇ ಹೆಚ್ಚು ಪ್ರಸ್ತುತ ಎಂಬುದು ಈ ಲೇಖನದ ವಾದ. ಬಿಸಿ ಜಾಗದಲ್ಲಿ ಒಂದು ಸೂಕ್ಷ್ಮಜೀವಿ ಸಿಕ್ಕಿತೆಂದ ಮಾತ್ರಕ್ಕೆ ಅದು ಅಲ್ಲೇ ಬಾಳುತ್ತಿದೆ ಎನ್ನಲಾಗದು. ಎಲ್ಲಿಂದಲೋ ಬಂದು ಬಿದ್ದಿರಬಹುದು. ಅದರ ವೈರಸ್ ಅಲ್ಲಿ ಹೆಚ್ಚುತ್ತಿದೆ ಎಂದು ತೋರಿಸಿದರೆ ಮಾತ್ರ ಆ ಜೀವಿ ಅದೇ ಬಿಸಿಯಲ್ಲಿ ಉಂಡು ಬೆಳೆಯುತ್ತಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ದೊರೆಯುತ್ತದೆ.

ಫೇಜ್‌ಗಳ, ಅಂದರೆ ಬ್ಯಾಕ್ಟೀರಿಯಾಗಳ ವೈರಸ್‌ಗಳ, ಇತಿಹಾಸದ ಮೊದಲ ಪುಟವೊಂದು ಭಾರತದ್ದೇ. ಆಗ್ರಾದಲ್ಲಿ ಸರ್ಕಾರಿ ರಸಾಯನ ಪರೀಕ್ಷಕರಾಗಿದ್ದ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಯಮುನೆಗಳ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ, ಅದೇ ನೀರನ್ನು ಕುದಿಸಿದರೆ ಆ ಗುಣ ಹೋಗುತ್ತದೆ ಎಂದು 1896ರಲ್ಲಿ ವರದಿ ಮಾಡಿದರು. ನೀರಿನಲ್ಲಿದ್ದದ್ದು ಫೇಜ್ ಎಂಬ ವಿವರಣೆ ಬಂದದ್ದು ಎರಡು ದಶಕಗಳ ನಂತರ, ಟ್ವಾರ್ಟ್ ಮತ್ತು ಡಿ ಹೆರೆಲ್ ಅವರ ಕೆಲಸದಿಂದ. ಕುದಿಸಿದರೆ ಫೇಜ್ ಸಾಯುತ್ತದೆ ಎಂಬ ತಿಳಿವಳಿಕೆ ಹೀಗೆ ಮೊದಲೇ ಬೇರೂರಿತ್ತು. 1926ರಲ್ಲಿ ಅಮೆರಿಕದ ಕೋಸರ್ ಉಷ್ಣಪ್ರಿಯ ಬ್ಯಾಸಿಲಸ್ ಒಂದನ್ನು ನಾಶಮಾಡುವ ಫೇಜ್ ಬಗ್ಗೆ ಬರೆದಾಗ ಆ ತಿಳಿವಳಿಕೆಗೆ ಮಿತಿಯಿದೆ ಎಂಬುದು ಕಂಡಿತು. 1960ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಟಿಪಿ-84 ಎಂಬ ಫೇಜನ್ನು ವಿವರವಾಗಿ ಅಭ್ಯಾಸ ಮಾಡಿದರು. ಅದು ಇಂದು ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂದು ಹೆಸರಾದ ಬ್ಯಾಕ್ಟೀರಿಯಾವನ್ನು 55, 60 ಡಿಗ್ರಿಯ ಬಿಸಿಯಲ್ಲಿ ಸೋಂಕುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಆ ಫೇಜ್ ಸಿಕ್ಕಿದ್ದು ಯಾವ ಬುಗ್ಗೆಯಲ್ಲೂ ಅಲ್ಲ, ಗಿಡ ಬೆಳೆಸುವ ಹಸಿರುಮನೆಯ ಮಣ್ಣಿನಲ್ಲಿ. ಉಷ್ಣಪ್ರಿಯ ವೈರಸ್‌ಗಳ ಅಧ್ಯಯನ ಮಣ್ಣಿನಿಂದಲೇ ಹೊರಟು ಆಮೇಲೆ ಬುಗ್ಗೆಗಳ ಕಡೆ ತಿರುಗಿತು. ಜನಪ್ರಿಯ ಬರಹಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

ತಿರುವಿಗೆ ಕಾರಣವೂ ಇತ್ತು. ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೊಸ್ಟೋನ್ ಬುಗ್ಗೆಗಳಿಂದ ತೆಗೆದ ಥರ್ಮಸ್ ಅಕ್ವಾಟಿಕಸ್ 1969ರಲ್ಲಿ ಪ್ರಕಟವಾಯಿತು. 1972ರಲ್ಲಿ ಬ್ರಾಕ್ ತಂಡವೇ ಆಮ್ಲ ತುಂಬಿದ ಬಿಸಿನೀರಿನಲ್ಲಿ ಬೆಳೆಯುವ ಸಲ್ಫೊಲೋಬಸ್ ಕುಲವನ್ನು ವಿವರಿಸಿತು. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಆರ್ಕಿಯಾಗಳು ಬ್ಯಾಕ್ಟೀರಿಯಾಗಳಿಂದ ಬೇರೆಯೇ ಆದ ವಂಶ ಎಂದು ತೋರಿಸಿದ ಮೇಲೆ ಸಲ್ಫೊಲೋಬಸ್ಸೂ ಆ ವಂಶಕ್ಕೆ ಸೇರಿತು. ಹೊಸ ವಂಶವಾದರೆ ಅದರ ವೈರಸ್‌ಗಳು ಹೇಗಿರಬಹುದು ಎಂಬ ಪ್ರಶ್ನೆಯನ್ನು ಜರ್ಮನಿಯ ವೋಲ್ಫ್ರಾಮ್ ಜಿಲ್ಲಿಗ್ ಬೆನ್ನುಹತ್ತಿದರು. ಜಪಾನಿನ ಬೆಪ್ಪುವಿನ ಬುಗ್ಗೆಯಿಂದ ಬಂದ ಸಲ್ಫೊಲೋಬಸ್ ತಳಿಯ ಮೇಲೆ ಅತಿನೇರಳೆ ಕಿರಣ ಬಿಟ್ಟಾಗ ನಿಂಬೆಹಣ್ಣಿನ ಆಕಾರದ ಕಣಗಳು ಹೊರಬಂದದ್ದನ್ನು ಅವರ ತಂಡ 1984ರಲ್ಲಿ ವರದಿ ಮಾಡಿತು. ಇಂದು ಎಸ್‌ಎಸ್‌ವಿ-1 ಎಂದು ಕರೆಯುವ ಆ ವೈರಸ್ ಇಡೀ ಕ್ಷೇತ್ರಕ್ಕೆ ಮಾದರಿಯಾಯಿತು. ನಂತರ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇವಿಡ್ ಪ್ರಾಂಗಿಶ್ವಿಲಿ, ಮೊಂಟಾನಾದಲ್ಲಿ ಮಾರ್ಕ್ ಯಂಗ್ ಈ ಕೆಲಸವನ್ನು ಬೆಳೆಸಿದರು.

ಹೀಗೆ ಸಿಕ್ಕ ವೈರಸ್‌ಗಳ ರೂಪ ಸಾಮಾನ್ಯ ಬ್ಯಾಕ್ಟೀರಿಯಾದ ಫೇಜ್‌ಗಳನ್ನು ನೋಡಿ ರೂಢಿಯಾದ ಕಣ್ಣಿಗೆ ವಿಚಿತ್ರ. ತಲೆ ಬಾಲ ಇರುವ ಫೇಜ್‌ಗಳ ಬದಲು ಇಲ್ಲಿ ನಿಂಬೆ, ಸೀಸೆ, ಕಡ್ಡಿ, ಉದ್ದ ಎಳೆಗಳ ಆಕಾರಗಳು. ಇಟಲಿಯ ಪೊಜ್ಜುವೊಲಿಯ ಆಮ್ಲಕುಂಡದಿಂದ ತೆಗೆದ, ಎರಡು ಬಾಲದ ಅಸಿಡಿಯಾನಸ್ ವೈರಸ್ ಆತಿಥೇಯ ಕೋಶದಿಂದ ಹೊರಬಂದ ಮೇಲೆ, ಯಾವ ಜೀವಕೋಶದ ನೆರವೂ ಇಲ್ಲದೆ ತನ್ನ ಬಾಲಗಳನ್ನು ಬೆಳೆಸಿಕೊಳ್ಳುತ್ತದೆ ಎಂದು 2005ರಲ್ಲಿ ತಿಳಿಯಿತು. ಕೋಶದ ಹೊರಗೆ ವೈರಸ್ ಜಡವಸ್ತು ಎಂಬ ಪಾಠಕ್ಕೆ ಇದು ಅಪವಾದ. ಬಿಸಿಯಲ್ಲಿ ಡಿಎನ್‌ಎ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಸುಮಾರು 80 ಡಿಗ್ರಿ ಶಾಖದ ಆಮ್ಲದಲ್ಲಿ ಬಾಳುವ ಎಸ್‌ಐಆರ್‌ವಿ-2 ಎಂಬ ಕಡ್ಡಿ ವೈರಸ್ ಒಂದು ಉತ್ತರ ಕೊಟ್ಟಿದೆ. ಅದರ ಪ್ರೋಟೀನುಗಳು ಇಡೀ ಡಿಎನ್‌ಎಯನ್ನು ಸುತ್ತುವರಿದು, ಸಾಮಾನ್ಯವಾಗಿ ಕಾಣುವ ಬಿ ರೂಪದಿಂದ ಹೆಚ್ಚು ಅಡಕವಾದ ಎ ರೂಪಕ್ಕೆ ತಳ್ಳುತ್ತವೆ ಎಂದು ವರ್ಜೀನಿಯಾ ವಿಶ್ವವಿದ್ಯಾಲಯದ ಎಗಲ್‌ಮನ್ ಮತ್ತು ಪಾಶ್ಚರ್ ಸಂಸ್ಥೆಯ ಸಂಗಡಿಗರು 2015ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾದ ಬೀಜಕಗಳೊಳಗಿನ ಡಿಎನ್‌ಎಗೂ ಇದೇ ಬಗೆಯ ರಕ್ಷಣೆ ಇರುವಂತೆ ಕಾಣುತ್ತದೆ. ಪರಸ್ಪರ ನೆಂಟಸ್ತಿಕೆಯಿಲ್ಲದ ಎರಡು ವಸ್ತುಗಳು ಒಂದೇ ಕಷ್ಟಕ್ಕೆ ಒಂದೇ ಉಪಾಯ ಕಂಡುಕೊಂಡಿವೆ. ಯೆಲ್ಲೊಸ್ಟೋನಿನ ಎಸ್‌ಟಿಐವಿ ಎಂಬ ಇಪ್ಪತ್ತು ಮುಖದ ವೈರಸ್ಸಿನ ಕವಚದ ಪ್ರೋಟೀನು ಮನುಷ್ಯರ ಅಡೆನೊವೈರಸ್ಸಿನ ಕವಚದ ಮಡಿಕೆಯನ್ನೇ ಹೋಲುವುದು ಇನ್ನೊಂದು ದೊಡ್ಡ ಸಂಗತಿ. ಬ್ಯಾಕ್ಟೀರಿಯಾ, ಆರ್ಕಿಯಾ, ಪ್ರಾಣಿ ಎಂಬ ಕವಲುಗಳು ಒಡೆಯುವ ಮೊದಲೇ ಈ ಬಗೆಯ ವೈರಸ್ ಇದ್ದಿರಬೇಕು ಎಂಬ ಊಹೆಗೆ ಅದು ಬಲ ಕೊಟ್ಟಿತು.

ಕವಚ ಎಷ್ಟೇ ಗಟ್ಟಿಯಿರಲಿ, ಕೋಶದ ಹೊರಗಿನ ಬಿಸಿ ಮತ್ತು ಆಮ್ಲದಲ್ಲಿ ಕಣಗಳು ಕ್ರಮೇಣ ಹಾಳಾಗುತ್ತವೆ. ಆದ್ದರಿಂದ ಇಂಥ ವೈರಸ್‌ಗಳು ಆತಿಥೇಯನನ್ನು ಕೊಲ್ಲದೆ ಅದರ ಒಳಗೇ ಉಳಿಯುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಎಸ್‌ಎಸ್‌ವಿ-1 ತನ್ನ ಡಿಎನ್‌ಎಯನ್ನು ಆತಿಥೇಯನ ಜೀನೋಮಿಗೆ ಸೇರಿಸಿ ಇದ್ದುಬಿಡುವುದು ಆ ನಂಬಿಕೆಗೆ ಒಪ್ಪುತ್ತಿತ್ತು. 2009ರಲ್ಲಿ ಚಿತ್ರ ಬದಲಾಯಿತು. ಎಸ್‌ಐಆರ್‌ವಿ-2 ಮತ್ತು ಎಸ್‌ಟಿಐವಿ ತಗುಲಿದ ಕೋಶಗಳ ಮೈಮೇಲೆ ಪಿರಮಿಡ್ಡಿನ ಆಕಾರದ ಗೋಪುರಗಳು ಎದ್ದು, ಆಮೇಲೆ ಹೂವಿನ ಎಸಳಿನಂತೆ ಬಿರಿದು ಒಳಗಿನ ವೈರಸ್‌ಗಳಿಗೆ ದಾರಿ ಬಿಡುವುದನ್ನು ಎರಡು ತಂಡಗಳು ಕಂಡವು. ಕೋಶ ಸಾಯುತ್ತದೆ, ವೈರಸ್ ಗುಂಪಾಗಿ ಹೊರಬೀಳುತ್ತದೆ. ಎಲ್ಲಿ ಎಷ್ಟು ಬಿಸಿಯಿದ್ದರೆ ಯಾವ ತಂತ್ರ ಎಂಬ ಸರಳ ಸೂತ್ರಕ್ಕೆ ಈ ಎರಡು ಉದಾಹರಣೆಗಳು ಬಗ್ಗುವುದಿಲ್ಲ. ಆದರೆ ಎರಡು ತಂತ್ರಗಳಿಗೂ ಸಮಾನವಾದದ್ದು ಒಂದಿದೆ: ಹೊಸ ಕಣಗಳು ಹುಟ್ಟಬೇಕಾದರೆ ಆತಿಥೇಯ ಕೋಶ ಎಚ್ಚರವಾಗಿ, ಆಹಾರ ಕರಗಿಸುತ್ತ, ಪ್ರೋಟೀನು ಕಟ್ಟುತ್ತ ಇರಬೇಕು. ಮಲಗಿದ ಕೋಶದಲ್ಲಿ ವೈರಸ್ ಹೆಚ್ಚಲಾರದು. ಮುಂದಿನ ವಾದ ನಿಂತಿರುವುದು ಈ ಸಂಗತಿಯ ಮೇಲೆ.

ಎರಡನೆಯ ಆಧಾರ ಆತಿಥೇಯ ಜೀವಿಗಳು ಇಟ್ಟುಕೊಳ್ಳುವ ದಾಖಲೆ. ಕ್ರಿಸ್ಪರ್ ಎಂಬ ವ್ಯವಸ್ಥೆಯಲ್ಲಿ ಸೂಕ್ಷ್ಮಜೀವಿಗಳು ತಮ್ಮ ಮೇಲೆ ದಾಳಿಮಾಡಿದ ವೈರಸ್‌ಗಳ ಡಿಎನ್‌ಎ ತುಣುಕುಗಳನ್ನು ತಮ್ಮ ಜೀನೋಮಿನಲ್ಲಿ ಸಾಲಾಗಿ ಕೂಡಿಡುತ್ತವೆ. ಹೊಸ ತುಣುಕು ಸಾಮಾನ್ಯವಾಗಿ ಸಾಲಿನ ಒಂದು ತುದಿಗೇ ಸೇರುತ್ತದೆ. ಈ ತುಣುಕುಗಳು ವೈರಸ್‌ಗಳಿಂದ ಬಂದವೆಂದು ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ ಮತ್ತಿತರರು 2005ರಲ್ಲಿ ಗುರುತಿಸಿದರು. ಇದು ನಿಜಕ್ಕೂ ರಕ್ಷಣೆಯೇ ಎಂಬುದನ್ನು 2007ರಲ್ಲಿ ಬರಾಂಗು ಮತ್ತು ಸಂಗಡಿಗರು ಪ್ರಯೋಗದಿಂದ ಸಾಧಿಸಿದ್ದು ಮೊಸರು ಹೆಪ್ಪುಗಟ್ಟಿಸುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮೇಲೆ. ಅದು 40 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವ ಬ್ಯಾಕ್ಟೀರಿಯಾ. ಡೈರಿಗಳಲ್ಲಿ ಫೇಜ್ ತಗುಲಿ ಹೆಪ್ಪು ಕೆಡುವುದು ಹಳೆಯ ತೊಂದರೆ. ಸಾಮಾನ್ಯ ಶಾಖದ ಬ್ಯಾಕ್ಟೀರಿಯಾಗಳಲ್ಲಿ ಅರ್ಧಕ್ಕಿಂತ ಕಡಿಮೆ ಜೀವಿಗಳಲ್ಲಿ ಕಾಣುವ ಕ್ರಿಸ್ಪರ್, ಅತಿ ಉಷ್ಣಪ್ರಿಯ ಆರ್ಕಿಯಾಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ. ಬಿಸಿಯ ಲೋಕದಲ್ಲಿ ವೈರಸ್ಸಿನ ಕಾಟ ನಿರಂತರವಾದದ್ದು ಎಂಬುದನ್ನು ಈ ವ್ಯತ್ಯಾಸವೇ ಹೇಳುತ್ತದೆ.

ಭಾರತದಲ್ಲಿ ಇದಕ್ಕೆ ಸಂಬಂಧಿಸಿದ ಒಳ್ಳೆಯ ಕೆಲಸ ಹಿಮಾಚಲದ ಮಣಿಕರಣ್ ಬುಗ್ಗೆಗಳದ್ದು. ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಮತ್ತು ಸಂಗಡಿಗರು ಅಲ್ಲಿನ ಕೆಸರು ಮತ್ತು ಜೀವಪದರಗಳಿಂದ ತೆಗೆದ ಒಟ್ಟು ಡಿಎನ್‌ಎಯನ್ನು ಓದಿ, ಬ್ಯಾಕ್ಟೀರಿಯಾಗಳ 65 ಫೇಜ್ ಜೀನೋಮ್‌ಗಳನ್ನು ಜೋಡಿಸಿ, ಆರ್ಕಿಯಾಗಳ ವೈರಸ್‌ಗಳನ್ನೂ ಗುರುತಿಸಿ 2018ರಲ್ಲಿ ಪ್ರಕಟಿಸಿದರು. ಯಾವ ವೈರಸ್ ಯಾವ ಆತಿಥೇಯನದು ಎಂದು ತಿಳಿಯಲು ಕ್ರಿಸ್ಪರ್ ಸಾಲುಗಳ ನೆರವು ಪಡೆದರು. ದಖ್ಖನ್ನಿನ ಕಡೆ ಬಂದರೆ, ಕೊಂಕಣದ ಗಣೇಶಪುರಿ, ವಜ್ರೇಶ್ವರಿಯಿಂದ ರತ್ನಾಗಿರಿ ಜಿಲ್ಲೆಯ ಉನ್ಹವರೆ, ತುರಳ, ರಾಜಾಪುರದವರೆಗೆ ಘಟ್ಟಕ್ಕೂ ಕಡಲಿಗೂ ನಡುವೆ ಬುಗ್ಗೆಗಳ ಸಾಲಿದೆ. ಇವುಗಳ ನೀರು ಸುಮಾರು 34ರಿಂದ 71 ಡಿಗ್ರಿವರೆಗೆ ಬಿಸಿ. ನಾಂದೇಡ ಜಿಲ್ಲೆಯ ಉನಕೇಶ್ವರದ ಬುಗ್ಗೆಯ ಬ್ಯಾಕ್ಟೀರಿಯಾ ವೈವಿಧ್ಯವನ್ನು ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದವರು ಡಿಎನ್‌ಎ ಓದುವ ವಿಧಾನದಿಂದ ಅಭ್ಯಾಸ ಮಾಡಿದ್ದಾರೆ. ಕರ್ನಾಟಕದಲ್ಲಿ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ ಪ್ರಸಿದ್ಧ. ಅದು 40 ಡಿಗ್ರಿಯ ಆಸುಪಾಸಿನ ಉಗುರುಬೆಚ್ಚಗಿನ ನೀರು, ಉಷ್ಣಪ್ರಿಯಗಳ ತವರೆನ್ನಲು ಸಾಲದು. ಈ ಬುಗ್ಗೆಗಳಿಗೆ ಬೆಂಕಿ ಹಚ್ಚಿದ ಜ್ವಾಲಾಮುಖಿ ಯಾವುದೂ ಇಲ್ಲ. ದಖ್ಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದು ಎಂದೋ ತಣ್ಣಗಾಗಿದೆ. ಮಳೆನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ನೆಲದಾಳದ ಸಹಜ ಶಾಖಕ್ಕೆ ಕಾದು ಮೇಲೆ ಬರುತ್ತದೆ. ಆದ್ದರಿಂದ ನೀರು ಆಮ್ಲವಾಗಿರುವುದಿಲ್ಲ, ತುಸು ಕ್ಷಾರದ ಕಡೆಗೇ ಇರುತ್ತದೆ. ಇದರ ಅರ್ಥ ಸ್ಪಷ್ಟ: ಸಲ್ಫೊಲೋಬಸ್ಸಿನ ನಿಂಬೆ ವೈರಸ್‌ಗಳನ್ನು ಇಲ್ಲಿ ಹುಡುಕಿ ನಿರಾಶರಾಗುವುದು ಬೇಡ. ಥರ್ಮಸ್, ಜಿಯೊಬ್ಯಾಸಿಲಸ್, ಅನಾಕ್ಸಿಬ್ಯಾಸಿಲಸ್, ಹಸಿರು ಪದರ ಕಟ್ಟುವ ಸಯನೊಬ್ಯಾಕ್ಟೀರಿಯಾ ಇವುಗಳ ಬಾಲವುಳ್ಳ ಫೇಜ್‌ಗಳನ್ನು ಹುಡುಕಬೇಕು. ಜಪಾನಿನ ಬುಗ್ಗೆಯಿಂದ 1975ರಲ್ಲಿ ಬಂದ ವೈಎಸ್-40, ಕಾಮ್ಚಾಟ್ಕಾದ ಪಿ-23-45 ಇವೆಲ್ಲ ಥರ್ಮಸ್ಸಿನ ಫೇಜ್‌ಗಳೇ.

ಈಗ ಮೈಂದರ್ಗಿಯ ಸೀಮೆಗೆ ಬರೋಣ. ಮಳೆ ಕಡಿಮೆಯ ಈ ಗಡಿನಾಡಿನಲ್ಲಿ ನೀರು ಸಿಕ್ಕಲ್ಲೆಲ್ಲ ಕಬ್ಬು ನಿಂತಿದೆ. ಸೊಲ್ಲಾಪುರ ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ರಸ ಸೋಸಿದಾಗ ಉಳಿದು ಕಾರ್ಖಾನೆಯಿಂದ ಹೊರಬರುವ ಪ್ರೆಸ್‌ಮಡ್ ಎಂಬ ಕೆಸರನ್ನು ಸಾಲಾಗಿ ಒಟ್ಟಿ ಕಾಂಪೋಸ್ಟ್ ಮಾಡುತ್ತಾರೆ, ಬಗ್ಯಾಸ್ ಎಂಬ ಕಬ್ಬಿನ ಸಿಪ್ಪೆಯ ರಾಶಿ ತಾನೇ ಒಳಗೊಳಗೆ ಕಾಯುತ್ತದೆ, ಒಕ್ಕಲಿಗರ ತಿಪ್ಪೆಯೂ ಅಷ್ಟೇ. ಚೆನ್ನಾಗಿ ಒಟ್ಟಿದ, ಹದವಾಗಿ ತೇವವಿರುವ ರಾಶಿಯ ನಡುಭಾಗ ಕೆಲವೇ ದಿನಗಳಲ್ಲಿ 60 ಡಿಗ್ರಿ ಮುಟ್ಟುತ್ತದೆ, ಕೆಲವೊಮ್ಮೆ 70ನ್ನೂ ದಾಟುತ್ತದೆ. ಆ ಶಾಖವನ್ನು ಹುಟ್ಟಿಸುವವರು ಸೂಕ್ಷ್ಮಜೀವಿಗಳೇ. ಬಗ್ಯಾಸಿನ ಬೂಷ್ಟಿನ ದೂಳನ್ನು ಉಸಿರಾಡಿದ ಕೂಲಿಕಾರರಿಗೆ ಬರುವ ಬಗಾಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಇಂಥ ರಾಶಿಯಲ್ಲಿ ಬೆಳೆಯುವ ಥರ್ಮೊಆಕ್ಟಿನೊಮೈಸಿಸ್ ಎಂಬ ಉಷ್ಣಪ್ರಿಯದ ಬೀಜಕಗಳೇ ಕಾರಣ. ಸಕ್ಕರೆಯ ಮೂಲಕ ಉಷ್ಣಪ್ರಿಯ ಬೀಜಕಗಳು ಡಬ್ಬಿ ಆಹಾರಕ್ಕೆ ಹೋಗಿ ಅದನ್ನು ಹುಳಿಯಾಗಿಸುತ್ತವೆ; ಆದ್ದರಿಂದಲೇ ಡಬ್ಬಿ ತುಂಬುವ ಉದ್ಯಮದವರು ಸಕ್ಕರೆಯಲ್ಲಿ ಈ ಬೀಜಕ ಎಷ್ಟಿರಬಹುದೆಂಬ ಮಿತಿ ಇಟ್ಟುಕೊಂಡಿದ್ದಾರೆ. ಆಸ್ಪತ್ರೆಯ ಆಟೊಕ್ಲೇವ್ 121 ಡಿಗ್ರಿಯಲ್ಲಿ ಸರಿಯಾಗಿ ಕೆಲಸ ಮಾಡಿತೇ ಎಂದು ಪರೀಕ್ಷಿಸಲು ಬಳಸುವುದೂ ಜಿಯೊಬ್ಯಾಸಿಲಸ್ಸಿನ ಬೀಜಕವನ್ನೇ.

ಇದೇ ಜಿಯೊಬ್ಯಾಸಿಲಸ್ ಸೂಕ್ಷ್ಮಜೀವಶಾಸ್ತ್ರದಲ್ಲಿ ಒಂದು ಒಗಟು. 55 ಡಿಗ್ರಿ ಬೇಡುವ ಈ ಬ್ಯಾಕ್ಟೀರಿಯಾ ತಂಪು ದೇಶಗಳ ಮಣ್ಣಿನಲ್ಲೂ ಧಾರಾಳವಾಗಿ ಸಿಗುತ್ತದೆ. ಎಲ್ಲೋ ಕಾಂಪೋಸ್ಟಿನಲ್ಲಿ ಬೆಳೆದ ಬೀಜಕಗಳು ಗಾಳಿಯಲ್ಲಿ ತೇಲಿ ಬಂದು ಬಿದ್ದಿವೆ, ಹಲವಾರು ದಶಕ ಸಾಯದೆ ಉಳಿದಿವೆ, ಅಷ್ಟೆ ಎಂಬುದು ಒಂದು ಪಕ್ಷ. ಬಿಸಿಲಿಗೆ ಕಾದ ಮೇಲ್ಮಣ್ಣಿನಲ್ಲಿ ಅವು ನಿಜಕ್ಕೂ ಬೆಳೆಯುತ್ತವೆ ಎಂಬುದು ಇನ್ನೊಂದು. ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾವನ್ನು ಎಣಿಸುವುದರಿಂದ ಈ ಜಗಳ ತೀರದು, ಏಕೆಂದರೆ ಮಲಗಿದ ಬೀಜಕವೂ ಬೆಳೆಯುತ್ತಿದ್ದ ಕೋಶವೂ ತಟ್ಟೆಯಲ್ಲಿ ಒಂದೇ ಬಗೆಯ ಕಲೆಯಾಗಿ ಕಾಣುತ್ತವೆ. ಡಿಎನ್‌ಎ ಓದುವುದರಿಂದಲೂ ತೀರದು; ಸತ್ತ ಜೀವಿಯ ಡಿಎನ್‌ಎಯೂ ಓದಿಗೆ ಸಿಗುತ್ತದೆ. ಜನ ಮೀಯುವ ಕೊಂಕಣದ ಕುಂಡಗಳಲ್ಲಂತೂ ಮೈಯಿಂದ ತೊಳೆದುಹೋದ ಬ್ಯಾಕ್ಟೀರಿಯಾದ ಡಿಎನ್‌ಎ ಬುಗ್ಗೆಯ ನಿವಾಸಿಗಳ ಜತೆ ಬೆರೆತಿರುತ್ತದೆ. ಫೇಜ್ ಹಾಗಲ್ಲ. ಒಂದೇ ರಾಶಿಯಲ್ಲಿ, ಶಾಖ ಏರುತ್ತಿದ್ದಂತೆ ಜಿಯೊಬ್ಯಾಸಿಲಸ್ಸಿನ ಫೇಜ್‌ಗಳ ಸಂಖ್ಯೆಯೂ ಏರಿದರೆ, ಆ ಶಾಖದಲ್ಲಿ ಆ ಬ್ಯಾಕ್ಟೀರಿಯಾ ಎದ್ದು ಬೆಳೆದಿದೆ ಎನ್ನದೆ ಬೇರೆ ದಾರಿಯಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಬ್ಯಾಸಿಲಸ್ ಬಳಗದಲ್ಲಿ ಫೇಜಿನ ಡಿಎನ್‌ಎ ಬೀಜಕದೊಳಗೆ ಸಿಕ್ಕಿಕೊಂಡು, ಬೀಜಕ ಮೊಳೆತಾಗ ಹೊರಬರುವುದುಂಟು. ಹಾಗಾದರೆ ಫೇಜ್ ಕೂಡ ಬೀಜಕದ ಬೆನ್ನೇರಿ ಗಾಳಿಯಲ್ಲಿ ಬಂದಿರಬಹುದಲ್ಲ? ಬಂದಿರಬಹುದು. ಅದಕ್ಕಾಗಿಯೇ ಒಂದು ಸಲದ ಮಾದರಿ ಸಾಲದು. ಬೀಜಕದೊಳಗಿನ ಫೇಜ್ ಸೂಕ್ಷ್ಮ ಜಾಲರಿಯಲ್ಲಿ ಸೋಸಿದಾಗ ಬೀಜಕದ ಜತೆಗೇ ಹಿಂದುಳಿಯುತ್ತದೆ. ಸೋಸಿದ ನೀರಿನಲ್ಲಿ ಬಿಡಿಯಾಗಿ ಸಿಗುವ ಕಣಗಳು ಇತ್ತೀಚೆಗೆ ಒಡೆದ ಕೋಶಗಳಿಂದ ಬಂದವು. ಬಿಡಿ ಕಣಗಳಿಗೆ ಬೀಜಕದ ಆಯುಸ್ಸಿಲ್ಲ, ಬಿಸಿಯಲ್ಲಂತೂ ಅವು ಬೇಗ ನಶಿಸುತ್ತವೆ. ಸಂಖ್ಯೆ ಏರುತ್ತಲೇ ಇದ್ದರೆ ಹುಟ್ಟು ಸಾವನ್ನು ಮೀರಿದೆ ಎಂದೇ ಅರ್ಥ. ಜತೆಗೆ ಅದೇ ರಾಶಿಯ ಬ್ಯಾಕ್ಟೀರಿಯಾದ ಕ್ರಿಸ್ಪರ್ ಸಾಲಿನ ಹೊಸ ತುದಿಯಲ್ಲಿ ಅದೇ ಫೇಜಿನ ತುಣುಕು ಸಿಕ್ಕರೆ ಸಾಕ್ಷ್ಯ ಇಮ್ಮಡಿಯಾಗುತ್ತದೆ.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದ್ದು: ಒಟ್ಟು ಡಿಎನ್‌ಎ ಓದುವ ಯಂತ್ರಗಳಿರುವಾಗ ವೈರಸ್ಸನ್ನು ತಟ್ಟೆಯಲ್ಲಿ ಬೆಳೆಸುವ ಹಳೆಯ ಕಷ್ಟ ಯಾಕೆ? ಮಣಿಕರಣ್‌ನಂಥ ಕೆಲಸ ಆ ಯಂತ್ರಗಳಿಲ್ಲದೆ ಆಗುತ್ತಿರಲಿಲ್ಲ, ನಿಜ. ಆದರೆ ಪಿರಮಿಡ್ಡುಗಳು, ಹೊರಗೆ ಬೆಳೆಯುವ ಬಾಲಗಳು, ಎ ರೂಪದ ಡಿಎನ್‌ಎ ಇವು ಯಾವುವೂ ಜೀನೋಮಿನ ಅಕ್ಷರಗಳನ್ನು ಓದಿ ಊಹಿಸಬಹುದಾಗಿದ್ದ ಸಂಗತಿಗಳಲ್ಲ. ವೈರಸ್ ಕೈಯಲ್ಲಿದ್ದುದರಿಂದ ಕಂಡವು. ಆರ್ಕಿಯಾ ವೈರಸ್‌ಗಳ ಬಹುಪಾಲು ವಂಶವಾಹಿಗಳಿಗೆ ದತ್ತಾಂಶ ಭಂಡಾರಗಳಲ್ಲಿ ಹೋಲಿಕೆಯೇ ಇಲ್ಲ, ಆದ್ದರಿಂದ ಓದಿದ ಮೇಲೂ ಅವುಗಳ ಕೆಲಸ ತಿಳಿಯುವುದಿಲ್ಲ. ಎರಡೂ ವಿಧಾನ ಬೇಕು; ಒಂದನ್ನು ಮಾತ್ರ ಆರಿಸಬೇಕಾದರೆ, ಹಣ ಕಡಿಮೆಯಿರುವ ಜಿಲ್ಲಾ ವಿಶ್ವವಿದ್ಯಾಲಯಕ್ಕೆ ಬೆಳೆಸುವ ವಿಧಾನವೇ ಎಟುಕುವಂಥದ್ದು.

ಆ ವಿಧಾನದಲ್ಲಿ ದುಬಾರಿಯಾದದ್ದು ಹೆಚ್ಚಿಲ್ಲ. ಮಾದರಿಯ ಶಾಖ ಇಳಿಯದಂತೆ ಥರ್ಮಾಸಿನಲ್ಲಿ ತರಬೇಕು, 0.2 ಮೈಕ್ರಾನಿನ ಜಾಲರಿಯಲ್ಲಿ ಸೋಸಿ ಬ್ಯಾಕ್ಟೀರಿಯಾ ತೆಗೆಯಬೇಕು, ಅದೇ ಜಾಗದ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಸೋಸಿದ ನೀರು ಹಾಕಿ ಆ ಜಾಗದ ಶಾಖದಲ್ಲೇ ಇಡಬೇಕು. ಫೇಜ್ ಇದ್ದಲ್ಲಿ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಚುಕ್ಕೆ ಮೂಡುತ್ತದೆ. 60 ಡಿಗ್ರಿಗೆ ಅಗರ್ ತಡೆಯುತ್ತದೆ. 75 ದಾಟಿದರೆ ಮೆತ್ತಗಾಗುವುದರಿಂದ ಗೆಲ್ಲನ್ ಗೋಂದು ಬಳಸುತ್ತಾರೆ. ತಟ್ಟೆ ಒಣಗದಂತೆ ನೋಡಿಕೊಳ್ಳುವುದೇ ದೊಡ್ಡ ತಲೆನೋವು. ಸಾಮಾನ್ಯ ಪ್ರಯೋಗಾಲಯದ 37 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಏನೂ ಬರಲಿಲ್ಲ ಎಂದರೆ ಅದಕ್ಕೆ ಬೆಲೆಯಿಲ್ಲ.

ಇಂಥ ವೈರಸ್‌ಗಳನ್ನು ಕೆದಕಿ ಹೊರತೆಗೆಯುವುದು ಅಪಾಯವಲ್ಲವೇ ಎಂದು ಕೋವಿಡ್ ಕಂಡ ಜನ ಕೇಳುವುದು ಸಹಜ, ಉತ್ತರ ಕೊಡಬೇಕಾದ ಪ್ರಶ್ನೆಯೂ ಹೌದು. ಫೇಜ್ ತನ್ನ ಆತಿಥೇಯನ ಮೈಮೇಲಿನ ನಿರ್ದಿಷ್ಟ ಅಣುವಿಗೆ ಮಾತ್ರ ಅಂಟುತ್ತದೆ. ಜಿಯೊಬ್ಯಾಸಿಲಸ್ಸಿನ ಫೇಜಿಗೆ ಮನುಷ್ಯನ ಕೋಶದಲ್ಲಿ ಹಿಡಿಯಲು ಕೊಂಡಿಯಿಲ್ಲ, ಹೆಚ್ಚಲು ಬೇಕಾದ ಒಳಯಂತ್ರವಿಲ್ಲ. ಕೋವಿಡ್ ಪತ್ತೆಗೆ ದೇಶದ ತುಂಬ ನಡೆದ ಪಿಸಿಆರ್ ಪರೀಕ್ಷೆ ನಿಂತಿದ್ದದ್ದೇ ಯೆಲ್ಲೊಸ್ಟೋನಿನ ಥರ್ಮಸ್ ಅಕ್ವಾಟಿಕಸ್ಸಿನಿಂದ ಮೊದಲು ಬಂದ ಕಿಣ್ವದ ಬಗೆಯ ಮೇಲೆ. ವೈರಸ್‌ಗಳೂ ಅಂಥ ಕಿಣ್ವ ಕೊಟ್ಟಿವೆ: ಯೆಲ್ಲೊಸ್ಟೋನಿನ ಬುಗ್ಗೆಯೊಂದರ ವೈರಸ್ ಡಿಎನ್‌ಎಯಿಂದ ಸಿಕ್ಕ ಪಾಲಿಮರೇಸ್ ಒಂದು ಆರ್‌ಎನ್‌ಎಯನ್ನೂ ಡಿಎನ್‌ಎಯನ್ನೂ ತಾನೊಂದೇ ನಕಲಿಸಬಲ್ಲದು. ಒಣಬೇಸಾಯದ ನಾಡಿಗೆ ಇನ್ನೂ ಹತ್ತಿರವಾದದ್ದು 2007ರ ಒಂದು ಶೋಧ. ಯೆಲ್ಲೊಸ್ಟೋನಿನ ಕಾದ ನೆಲದಲ್ಲಿ ಬೆಳೆಯುವ ಒಂದು ಹುಲ್ಲಿನೊಳಗೆ ಕರ್ವುಲೇರಿಯಾ ಎಂಬ ಶಿಲೀಂಧ್ರವಿದೆ, ಆ ಶಿಲೀಂಧ್ರದೊಳಗೆ ಒಂದು ವೈರಸ್ ಇದೆ. ಮೂರೂ ಒಟ್ಟಿಗಿದ್ದರೆ ಹುಲ್ಲು 65 ಡಿಗ್ರಿ ಮಣ್ಣನ್ನು ತಾಳುತ್ತದೆ. ವೈರಸ್ ತೆಗೆದರೆ ಆ ಶಕ್ತಿ ಹೋಗುತ್ತದೆ, ಮತ್ತೆ ಸೇರಿಸಿದರೆ ಮರಳುತ್ತದೆ. ವೈರಸ್ ಹೊತ್ತ ಶಿಲೀಂಧ್ರವನ್ನು ಟೊಮೆಟೊ ಗಿಡಕ್ಕೆ ಸೇರಿಸಿದಾಗ ಅದಕ್ಕೂ ಬಿಸಿ ತಾಳುವ ಗುಣ ಬಂತು. ಆ ಶಿಲೀಂಧ್ರ ಉಷ್ಣಪ್ರಿಯವಲ್ಲ, ಹಾಗಾಗಿ ಇದು ಕಟ್ಟುನಿಟ್ಟಾಗಿ ಈ ಲೇಖನದ ವಿಷಯಕ್ಕೆ ಸೇರದು. ಆದರೆ ಬಿಸಿ ನೆಲದಲ್ಲಿ ವೈರಸ್ ಎಂದರೆ ಶತ್ರುವೇ ಎಂಬ ಎಣಿಕೆ ತಪ್ಪೆಂದು ತೋರಿಸಲು ಇದಕ್ಕಿಂತ ಸ್ಪಷ್ಟ ಪ್ರಯೋಗ ಕಡಿಮೆ.

ಈ ಸೀಮೆಯಲ್ಲಿ ಕೆಲಸ ಹಿಡಿಯುವವರಿಗೆ ಕ್ರಮ ಹೀಗಿರುವುದು ಲೇಸು. ಮೊದಲು ಪ್ರೆಸ್‌ಮಡ್ಡಿನ ಒಂದು ಸಾಲು. ಒಟ್ಟಿದ ದಿನದಿಂದ ತಣ್ಣಗಾಗುವವರೆಗೆ, ಮೇಲ್ಪದರ, ನಡು, ಬುಡ ಮೂರೂ ಕಡೆಯಿಂದ ಶಾಖ ಬರೆದುಕೊಂಡು ಮಾದರಿ ತೆಗೆಯಬೇಕು. ಅಲ್ಲಿ ಸಿಕ್ಕ ಬ್ಯಾಕ್ಟೀರಿಯಾ ತಳಿಗಳ ಮೇಲೆಯೇ, ಬೇಸಿಗೆಯ ನಡುಹಗಲು ಮತ್ತು ಮೊದಲ ಮಳೆ ಬಿದ್ದ ಮರುದಿನ ತೆಗೆದ ಎರೆಮಣ್ಣನ್ನು ಪರೀಕ್ಷಿಸಬೇಕು. ಒಣಮಣ್ಣು ಎಷ್ಟು ಕಾದರೂ ತೇವವಿಲ್ಲದೆ ಬೀಜಕ ಮೊಳೆಯದು. ನೆಲದ ಬಿಸಿ ಆರುವ ಮೊದಲೇ ನೀರು ಸಿಗುವ ಅಂಥ ಕೆಲವು ಗಂಟೆಗಳಲ್ಲಿ ಜಿಯೊಬ್ಯಾಸಿಲಸ್ ಏಳುತ್ತದೆಯೇ ಎಂಬುದನ್ನು ಫೇಜ್‌ಗಳ ಎಣಿಕೆ ಹೇಳಬಲ್ಲದು. ಉನಕೇಶ್ವರ, ಉನ್ಹವರೆಗಳ ನೀರು ಆಮೇಲೆ, ಜನ ಮೀಯುವ ಕುಂಡದಿಂದಲ್ಲದೆ ನೀರು ನೆಲದಿಂದ ಉಕ್ಕುವ ಬಾಯಿಯಿಂದ.